ಇನ್ನೂರ ಹದಿನಾಲ್ಕನೆಯ ಪೆಟ್ಟಿಗೆ

ಯಾರ್ಕಿನ ಈ ನೆಲಮಾಳಿಗೆಗೆ ಇರುವುದೊಂದೇ ಕಿಟಕಿ.
ಅದರಲ್ಲಿ ಕಾಣುವುದು ಹೋಗುವವರ ಪಾದ ಮಾತ್ರ,
ನವೆಂಬರಿನ ಒದ್ದೆ ಬೂಟು, ನಾಯಿಯ ನಾಲ್ಕು ಕಾಲು.
ಊಜ್ ನದಿ ಉಕ್ಕಿದ ವರ್ಷ
ಪೆಟ್ಟಿಗೆಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಿದ್ದೆವು,
ಸತ್ತವರು ಮತ್ತೆ ಮುಳುಗಬಾರದು ಎಂದು.

ವಿಲ್ಫ್ ಥ್ವೈಟ್, ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು,
ಮಂಗಳವಾರ ಬಂದು ಮಕ್ಕಳ ಹಲ್ಲಿನ ಬ್ರಷ್ಷಿನಲ್ಲಿ
ಮೂಳೆ ತೊಳೆಯುತ್ತಾನೆ.
ಬಸ್ಸು ಹತ್ತುವವರನ್ನು ಕರೆದ ಹಾಗೇ ಕರೆಯುತ್ತಾನೆ:
"ಬಾ ಲವ್, ಹುಷಾರು, ಮೆಟ್ಟಿಲಿದೆ."
ಕಣ್ಣಗುಳಿಯಿಂದ ಮಣ್ಣು ಇಳಿಯುತ್ತದೆ
ಸೋಸಿದ ಚಹಾದ ಚರಟದಂತೆ.

ಓದುವ ಕೆಲಸ ನನ್ನದು.
ಹಣೆಬರಹ ಇರುವುದು ಚರ್ಮದ ಮೇಲಲ್ಲ
ಎನ್ನುತ್ತಿದ್ದಳು ಅಜ್ಜಿ. ಒಳಗೆ, ಬುರುಡೆಯ
ಆ ವಕ್ರ ಹೊಲಿಗೆಯಲ್ಲಿ,
ಬರೆದ ಬ್ರಹ್ಮನಿಗೂ ಅಳಿಸಲು ಬಾರದ್ದು.
ಓದುತ್ತಿದ್ದೇನೆ ಅಜ್ಜಿ, ಸಂಬಳಕ್ಕೆ,
ಗಂಟೆಗೆ ಹದಿನಾರು ಪೌಂಡು.

ನೋಡು, ಇವನ ಹಣೆ ಗೆದ್ದಲು ತಿಂದ ಕದ.
ಗುಳಿಯ ಪಕ್ಕ ಗುಳಿ, ನಕ್ಷತ್ರದಂಥ ಕಲೆ.
ಹಡಗಿನವರ ರೋಗ. ಹೆಂಡತಿಗೆ ಹೇಳಿದನೋ ಇಲ್ಲವೋ,
ಮೂಳೆ ಅಷ್ಟೆಲ್ಲ ಬಾಯಿ ಬಿಡುವುದಿಲ್ಲ.

ಇವಳ ಮೂಗಿನ ಬುಡದ ಮುಳ್ಳು ಸವೆದು ನುಣ್ಣಗಾಗಿದೆ,
ಕಾಲ್ಬೆರಳು ಪೆನ್ಸಿಲ್ ಹೆರೆದಂತೆ ಮೊನೆ.
ಕುಷ್ಠ.
ಆದರೂ ಹೂತವರು ಕೈಗಳೆರಡನ್ನೂ
ಎದೆಯ ಮೇಲೆ ಜೋಡಿಸಿದ್ದಾರೆ.
ಯಾರೋ ಮುಟ್ಟಿದ್ದರು.

ಮತ್ತೊಬ್ಬನ ಬೆನ್ನಿನ ಮೂರು ಮಣಿ ಕುಸಿದು ಒಂದಾಗಿ
ಕುಡುಗೋಲಿನಂತೆ ಬಾಗಿವೆ. ಕ್ಷಯ.
ಇಪ್ಪತ್ತು ವರ್ಷ ನೆಲ ನೋಡುತ್ತಲೇ ನಡೆದಿರಬೇಕು.
"ಬೀದಿಯಲ್ಲಿ ಕಾಸು ಬಿದ್ದರೆ
ಮೊದಲು ಸಿಗುತ್ತಿದ್ದುದು ಇವನಿಗೇ" ಎಂದ ವಿಲ್ಫ್.
ನಕ್ಕೆವು. ಆಮೇಲೆ ನನ್ನ ಎಡತೋಳಿನ
ಬಿಸಿಜಿ ಚುಚ್ಚಿದ ಕಲೆ ಸವರಿಕೊಂಡೆ, ಸುಮ್ಮನೆ.

ಈ ಕೆಲಸದ ಮೊದಲ ಪಾಠವೇ ತಲೆಕೆಳಗು:
ಗುರುತು ಇರುವವನು ಬಾಳಿದವನು.
ಮೂಳೆ ಬಹಳ ನಿಧಾನದ ಗುಮಾಸ್ತ.
ವರ್ಷಗಟ್ಟಲೆ ಅಲೆದಾಡಿಸಿದ ರೋಗವನ್ನಷ್ಟೇ
ಕಡತಕ್ಕೆ ಸೇರಿಸುತ್ತಾನೆ.
ಮೂರು ದಿನದಲ್ಲಿ ಮುಗಿಸಿ ಹೋಗುವುದಿದೆಯಲ್ಲ,
ಇವನು ಮಸಿಬುಡ್ಡಿಯ ಮುಚ್ಚಳ ತೆಗೆಯುವಷ್ಟರಲ್ಲಿ
ಮನೆ ಖಾಲಿ.

ಅದಕ್ಕೇ ನನಗೆ ಭಯ
ಇನ್ನೂರ ಹದಿನಾಲ್ಕನೆಯದರದು.
ಹನ್ನೊಂದು ವರ್ಷದ ಆಸುಪಾಸು.
ಗಂಡೋ ಹೆಣ್ಣೋ, ಈ ವಯಸ್ಸಿಗೆ ಮೂಳೆ ಹೇಳದು.
ಒಂದು ಗೀರಿಲ್ಲ, ಒಂದು ತೂತಿಲ್ಲ,
ಸಾಣೆ ಹಿಡಿದಂಥ ತೊಡೆಮೂಳೆ,
ಕೋರೆಹಲ್ಲು ದವಡೆಯೊಳಗೇ ಸರದಿ ಕಾಯುತ್ತಿದೆ.
"ಎಷ್ಟು ಆರೋಗ್ಯದ ಮಗು!" ಎಂದ ಹೊಸ ವಿದ್ಯಾರ್ಥಿ.
ಅದೇ ಗುಂಡಿಯಲ್ಲಿ ಇನ್ನೂ ಐದು ಜನ
ಭುಜಕ್ಕೆ ಭುಜ ತಾಗಿಸಿ, ಒಂದೇ ದಿನದ ಮಣ್ಣಲ್ಲಿ.

ಬಿಳಿ ನಿಲುವಂಗಿ, ಒಂದರ ಮೇಲೊಂದು ಕೈಗವಸು, ಮುಖಗವಸು.
ಮಗುವಿನ ರೋಗ ನನಗೆ ಅಂಟೀತೆಂದಲ್ಲ,
ನನ್ನ ಉಸಿರು ಮಗುವಿಗೆ ಅಂಟೀತೆಂದು.
ಅಜ್ಜಿಯ ಮಡಿಯಲ್ಲಿ ಹೆಣ ಮೈಲಿಗೆ.
ಇಲ್ಲಿ ನಾನು.

ದವಡೆಹಲ್ಲು ಕೊರೆದೆ.
ಸುಟ್ಟ ಕೊಂಬಿನ ವಾಸನೆ ಗವಸು ದಾಟಿ ಬಂತು.
ಸಿಕ್ಕಿದ್ದು ಒಂದು ಚಿಟಿಕೆ,
ಹಣೆಗೆ ಹಚ್ಚಿದರೆ ಒಂದು ಎಳೆಗೂ ಸಾಲದಷ್ಟು ವಿಭೂತಿ.

ಮೂರು ವಾರದ ಮೇಲೆ ಹಾಳೆ ಬಂತು.
ಪ್ಲೇಗು.
ಇಲಿ ಬಿತ್ತೆಂದರೆ ಊರಿಗೆ ಊರೇ
ಬಯಲಲ್ಲಿ ಗುಡಿಸಲು ಹಾಕುತ್ತಿತ್ತಂತೆ ನಮ್ಮ ಕಡೆ.
ಇವರಿಗೆ ಬಯಲೂ ಸಿಗಲಿಲ್ಲವೋ,
ಇಲಿ ಬಿದ್ದದ್ದೇ ಗೊತ್ತಾಗಲಿಲ್ಲವೋ.
ಹಾಳೆಯ ಕೊನೆಯ ಸಾಲಿನಲ್ಲಿ, ನಾನು ಕೇಳದೆಯೇ:
ಹೆಣ್ಣು.

ವಿಲ್ಫ್ ಬ್ರಷ್ಷು ಕೆಳಗಿಟ್ಟ.
"ಅಯ್ಯೋ, ಇಷ್ಟು ದಿನ ಇವಳನ್ನ
ಲ್ಯಾಡ್ ಅಂತ ಕರೆದೆನಲ್ಲ."
ಕೈ ಒರೆಸಿಕೊಂಡು ಪೆಟ್ಟಿಗೆಯ ಹತ್ತಿರ ಹೋಗಿ
ಏನೋ ಅಂದ. ನನಗೆ ಕೇಳಿಸಲಿಲ್ಲ.

ನಮೂನೆಯಲ್ಲಿ ಒಂದು ಅಂಕಣವಿದೆ:
ಮೂಳೆಯ ಮೇಲೆ ರೋಗದ ಗುರುತು.
"ಇಲ್ಲ" ಎಂದು ಬರೆದೆ. ನಿಯಮದಂತೆ ಅದೇ ಸರಿ.
ಕಿಟಕಿಯಲ್ಲಿ ಸಣ್ಣ ಬೂಟೆರಡು ಬಂದು ನಿಂತವು,
ಯಾವುದೋ ಕೊಚ್ಚೆಯ ಆಳ ಅಳೆಯುತ್ತ.